ಧಾತು–ಈಶ್ವರ ಸಂವತ್ಸರಗಳ ಬರ: ಅನ್ನವೂ ಕಾಯಕವೂ

ಅರಸರ ಪಟ್ಟಾಭಿಷೇಕ, ಯುದ್ಧ, ಒಪ್ಪಂದ—ಇವು ಗ್ರಂಥಸ್ಥವಾದ ಇತಿಹಾಸದ ಮೈಲಿಗಲ್ಲುಗಳು. ಹಳ್ಳಿಯ ಜನರ ಇತಿಹಾಸಕ್ಕೆ ಬೇರೆ ಮೈಲಿಗಲ್ಲುಗಳುಂಟು. ಮಳೆ ಹೋದ ವರ್ಷ, ಕೆರೆ ಒಡೆದ ವರ್ಷ, ಮಾರಿ ಬಂದ ವರ್ಷ ಎಂದು ಅವರು ಕಾಲವನ್ನು ಎಣಿಸುತ್ತಾರೆ. ಮೈಸೂರು ಸೀಮೆಯಲ್ಲಿ ಇಂತಹ ಮೈಲಿಗಲ್ಲುಗಳಲ್ಲೆಲ್ಲ ದೊಡ್ಡದು ಧಾತು ಮತ್ತು ಈಶ್ವರ ಸಂವತ್ಸರಗಳ ಬರ. ಇಂಗ್ಲಿಷ್ ಲೆಕ್ಕದಲ್ಲಿ ಹೇಳುವುದಾದರೆ ೧೮೭೬ರಿಂದ ೧೮೭೮ರ ವರೆಗಿನ ಮಹಾಕ್ಷಾಮ. ಅದನ್ನು ಕಣ್ಣಾರೆ ಕಂಡವರು ಇಂದು ಯಾರೂ ಉಳಿದಿಲ್ಲ. ಆದರೆ ಅದು ಕಲಿಸಿದ ಪಾಠ ಇನ್ನೂ ಹಳೆಯದಾಗಿಲ್ಲ.

ಆ ಬರದ ಪ್ರಮಾಣವನ್ನು ತಿಳಿಯಲು ಎರಡು ಅಂಕಿಗಳು ಸಾಕು. ೧೮೭೧ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨. ೧೮೮೧ರ ಖಾನೇಷುಮಾರಿಯಲ್ಲಿ ಅದು ೪೧,೮೬,೧೮೮. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚಾಗಿ ಕುಗ್ಗಿತು. ಸಾಮಾನ್ಯ ಕಾಲದ ಬೆಳವಣಿಗೆಯನ್ನೂ ಗಣನೆಗೆ ತಂದುಕೊಂಡು, ಈ ಬರದಲ್ಲಿ ಸಂಸ್ಥಾನವು ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತೆಂದು ಹೇಳುವುದು ವಾಡಿಕೆ. ಎಂದರೆ ಐವರಲ್ಲಿ ಒಬ್ಬರು. ದಕ್ಷಿಣ ಹಿಂದೂಸ್ಥಾನದಲ್ಲೂ ಇತರ ಕಡೆಗಳಲ್ಲೂ ಅದೇ ಬರದಿಂದ ಸತ್ತವರು ಒಟ್ಟು ಐವತ್ತು ಲಕ್ಷಕ್ಕೂ ಮೇಲೆಂದು ಇತಿಹಾಸಕಾರರ ಅಂದಾಜು.

ಇಷ್ಟು ಜನ ಸತ್ತದ್ದು ಸಹಾಯವೇ ಇಲ್ಲದ್ದರಿಂದಲೇ ಎಂದು ಕೇಳಿದರೆ, ಅಲ್ಲವೆಂದೇ ಹೇಳಬೇಕಾಗುತ್ತದೆ. ಗಂಜಿಮನೆಗಳಿದ್ದವು, ಕಾಮಗಾರಿಗಳಿದ್ದವು, ಧರ್ಮವಂತರ ದಾನವಿತ್ತು, ಸಮುದ್ರದಾಚೆಯಿಂದ ಬಂದ ಹಣವೂ ಇತ್ತು. ಸಹಾಯವು ಯಾವಾಗ ಬಂತು, ಎಲ್ಲಿ ಸಿಕ್ಕಿತು, ಯಾವ ರೂಪದಲ್ಲಿ ಸಿಕ್ಕಿತು, ಅದು ಮನುಷ್ಯನ ಪ್ರಾಣವನ್ನು ಉಳಿಸಿದ ಮೇಲೆ ಅವನ ಕಸುಬನ್ನೂ ಉಳಿಸಿತೆ—ಇವು ವಿಚಾರಮಾಡತಕ್ಕ ಪ್ರಶ್ನೆಗಳು. ಈ ಹೊತ್ತು ನಾವು ಹೇಳಹೊರಟಿರುವುದು ಇದನ್ನೇ.

ಕ್ಷಾಮವು ನಮ್ಮ ನಾಡಿಗೆ ಹೊಸದಲ್ಲ. ಉತ್ತರದ ಹನ್ನೆರಡು ವರ್ಷಗಳ ಕ್ಷಾಮದ ಕಾಲದಲ್ಲಿ ಭದ್ರಬಾಹು ಮುನಿಗಳು ತಮ್ಮ ಸಂಘದೊಡನೆ ಶ್ರವಣಬೆಳಗೊಳಕ್ಕೆ ಬಂದರೆಂಬ ಜೈನ ಐತಿಹ್ಯವನ್ನು ಎಲ್ಲರೂ ಬಲ್ಲರು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ತೊಡಗಿದ ದುರ್ಗಾದೇವಿ ಬರವೂ, ೧೭೯೧–೯೨ರಲ್ಲಿ ಸತ್ತವರ ತಲೆಬುರುಡೆಗಳಿಂದಲೇ ಹೆಸರು ಪಡೆದ ಬರವೂ ದಖ್ಖನಿನ ಜನರ ನೆನಪಿನಲ್ಲಿ ಬಹುಕಾಲ ನಿಂತಿದ್ದವು. ಇಂತಹ ಆಪತ್ತುಗಳನ್ನು ಎದುರಿಸಲು ನಾಡು ತನ್ನದೇ ಆದ ಏರ್ಪಾಡುಗಳನ್ನು ಮಾಡಿಕೊಂಡಿತ್ತು. ದೇವಸ್ಥಾನಗಳಲ್ಲಿಯೂ ಮಠಗಳಲ್ಲಿಯೂ ಅನ್ನದಾನ, ದಾರಿಯಲ್ಲಿ ಛತ್ರ ಮತ್ತು ಅರವಟ್ಟಿಗೆ, ಊರಮುಂದೆ ಕೆರೆ, ಮನೆಯಂಗಳದಲ್ಲಿ ಹಗೇವು—ಇವೇ ಆ ಏರ್ಪಾಡುಗಳು.

ಇವುಗಳಲ್ಲಿ ಕೊನೆಯ ಎರಡು ಹೆಚ್ಚು ಮುಖ್ಯವಾದವು. ಮೈಸೂರಿನ ಮುಖ್ಯ ಎಂಜಿನಿಯರರಾಗಿದ್ದ ಸ್ಯಾಂಕಿಯವರು ೧೮೬೬ರಲ್ಲಿ ಲೆಕ್ಕಹಾಕಿದಂತೆ, ಸಂಸ್ಥಾನದ ೨೭,೨೬೯ ಚದರ ಮೈಲಿಗಳಲ್ಲಿ ಸುಮಾರು ನೂರಕ್ಕೆ ಅರುವತ್ತು ಭಾಗವು ಕೆರೆಗಳ ಜಾಲಕ್ಕೆ ಒಳಪಟ್ಟಿತ್ತು. ಒಂದು ಕೆರೆಯ ಕೋಡಿ ಮುಂದಿನ ಕೆರೆಗೆ ಹರಿಯುವಂತೆ ಕಟ್ಟಿದ ಈ ಸಾಲುಗಳು ಶತಮಾನಗಳ ದುಡಿಮೆಯ ಫಲ. ಕೆರೆಯಿಂದ ಬತ್ತವೂ ಕಬ್ಬೂ ಆಗುತ್ತಿತ್ತು. ಆದರೆ ಬಡವನ ನಿಜವಾದ ಆಸರೆ ಹೊಲದ ರಾಗಿ. ರಾಗಿಗೆ ಹುಳ ಹತ್ತುವುದು ಕಡಿಮೆ. ನೆಲದಲ್ಲಿ ಆಳವಾಗಿ ಗುಂಡಿ ತೋಡಿ, ಹುಲ್ಲು ಹೊದಿಸಿ, ರಾಗಿಯನ್ನು ತುಂಬಿ, ಬಾಯಿಗೆ ಮಣ್ಣು ಮುಚ್ಚಿದರೆ ಅನೇಕ ವರ್ಷಗಳ ವರೆಗೆ ಅದು ಕೆಡದೆ ಇರುತ್ತದೆ. ಒಳ್ಳೆಯ ವರ್ಷದ ಬೆಳೆಯನ್ನು ಕೆಟ್ಟ ವರ್ಷಕ್ಕೆ ಕಾದಿಡುವ ಈ ಹಗೇವು ರೈತನಿಗೆ ಬ್ಯಾಂಕೂ ಹೌದು, ವಿಮೆಯೂ ಹೌದು.

ಹಗೇವಿನ ವಿಷಯದಲ್ಲಿ ಒಂದು ಮಾತನ್ನು ಮರೆಯಬಾರದು. ಹಗೇವು ಇರುವುದು ಹೊಲ ಉಳ್ಳವನ ಮನೆಯಲ್ಲಿ. ಹಳ್ಳಿಯಲ್ಲಿ ಹೊಲವಿಲ್ಲದವರೂ ಇದ್ದಾರೆ. ಕೂಲಿಯಾಳು ದಿನದ ಕೂಲಿಯನ್ನು ನಂಬಿದವನು. ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ, ತೋಟಿ, ತಳವಾರ, ನೀರಗಂಟಿ ಮೊದಲಾದ ಆಯಗಾರರು ಸುಗ್ಗಿಯ ಕಣದಲ್ಲಿ ತಮಗೆ ಸಲ್ಲುವ ಆಯವನ್ನು ನಂಬಿದವರು. ನೇಕಾರನು ಸಂತೆಯಲ್ಲಿ ಸೀರೆ ಕೊಳ್ಳುವವರನ್ನು ನಂಬಿದವನು. ಕುರುಬನು ತನ್ನ ಕುರಿಹಿಂಡನ್ನೂ ಕಂಬಳಿಯನ್ನೂ ನಂಬಿದವನು. ಮಳೆ ಹೋದರೆ ರೈತನಿಗೆ ಬೆಳೆ ಹೋಗುತ್ತದೆ. ಇವರೆಲ್ಲರಿಗೆ ಬೆಳೆ ಹೋಗುವ ಮೊದಲೇ ಕೆಲಸ ಹೋಗುತ್ತದೆ. ಉಳುವುದಿಲ್ಲವಾದರೆ ಕುಳ ಕಾಯಿಸುವವನಾರು? ಕಣವೇ ಇಲ್ಲವಾದರೆ ಆಯ ಅಳೆಯುವವನಾರು? ಹೊಟ್ಟೆಗಿಲ್ಲದ ವರ್ಷ ಹೊಸ ಸೀರೆ ಕೊಳ್ಳುವವನಾರು?

ಬರವು ಬಂದಾಗ ಸಂಸ್ಥಾನದ ಆಡಳಿತವು ಇಂಗ್ಲಿಷರ ಕೈಯಲ್ಲಿತ್ತು. ೧೮೩೧ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರವರಿಂದ ಅಧಿಕಾರವನ್ನು ತೆಗೆದುಕೊಂಡ ಮೇಲೆ ಕಮಿಷನರುಗಳು ರಾಜ್ಯವನ್ನು ಆಳುತ್ತಿದ್ದರು. ೧೮೬೮ರಲ್ಲಿ ಮುಮ್ಮಡಿಯವರು ತೀರಿಕೊಂಡರು. ಅವರ ದತ್ತುಪುತ್ರರಾದ ಚಾಮರಾಜೇಂದ್ರ ಒಡೆಯರು ಇನ್ನೂ ಬಾಲಕರು. ಭಂಡಾರದಲ್ಲಿ ಉಳಿತಾಯದ ಹಣವಿತ್ತು. ಮದ್ರಾಸಿನಿಂದ ಬೆಂಗಳೂರಿನ ವರೆಗೆ ೧೮೬೪ರಿಂದಲೇ ರೈಲು ಬಂದಿತ್ತು. ಹೊರಗಿನಿಂದ ನೋಡಿದವರಿಗೆ ಇದು ಭದ್ರವಾದ ರಾಜ್ಯವಾಗಿ ತೋರುತ್ತಿದ್ದಿರಬೇಕು.

೧೮೭೫ರಲ್ಲಿ ಮಳೆ ಸಾಲದಾಯಿತು. ಜನರು ಹಗೇವನ್ನು ತೆರೆದರು. ೧೮೭೬ರಲ್ಲಿ, ಧಾತು ಸಂವತ್ಸರದಲ್ಲಿ, ಮುಂಗಾರೂ ಹಿಂಗಾರೂ ಕೈಕೊಟ್ಟವು. ಕೆರೆಗಳು ಬತ್ತಿದವು; ಮೇವಿಲ್ಲದೆ ದನಗಳು ಸಾಯತೊಡಗಿದವು; ಧಾನ್ಯದ ಬೆಲೆ ಬಡವರ ಕೈಗೆ ಎಟುಕದಷ್ಟು ಏರಿತು. ೧೮೭೭ರ ಯುಗಾದಿಗೆ ಈಶ್ವರ ಸಂವತ್ಸರವು ಕಾಲಿಟ್ಟಾಗ ಹಗೇವುಗಳು ಬಹುಮಟ್ಟಿಗೆ ಬರಿದಾಗಿದ್ದವು. ಆ ವರ್ಷದ ಮುಂಗಾರೂ ಹುಸಿಯಾಯಿತು. ಜೂನ್ ತಿಂಗಳಿಂದ ಆಗಸ್ಟಿನ ವರೆಗಿನ ದಿನಗಳೇ ಎಲ್ಲಕ್ಕಿಂತ ಘೋರವಾದವು. ಮಲೆನಾಡು ಅಷ್ಟಾಗಿ ನರಳಲಿಲ್ಲ. ಬೆಂಗಳೂರು, ಕೋಲಾರ, ತುಮಕೂರು ಮೊದಲಾದ ಬಯಲುಸೀಮೆಯ ಭಾಗಗಳು ಬೆಂದುಹೋದವು. ಸಂಸ್ಥಾನದ ಗಡಿಯಾಚೆ ಬಳ್ಳಾರಿ, ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳ ಕನ್ನಡಿಗರ ಪಾಡೂ ಹೀಗೆಯೇ ಇತ್ತು. ಸೆಪ್ಟೆಂಬರು ಅಕ್ಟೋಬರುಗಳಲ್ಲಿ ಕೊನೆಗೂ ಮಳೆ ಬಂತು.

ಒಂದು ಸಂಸಾರವು ಬರದಲ್ಲಿ ಹಂತಹಂತವಾಗಿ ಹೇಗೆ ಇಳಿಯುತ್ತದೆಂಬುದನ್ನು ನೋಡಬೇಕು. ಮೊದಲು ಊಟದ ಹೊತ್ತುಗಳು ಕಡಿಮೆಯಾಗುತ್ತವೆ. ಆಮೇಲೆ ಹೆಂಗಸರ ಮೈಮೇಲಿನ ಒಡವೆಗಳು ಸಾಹುಕಾರನ ಪೆಟ್ಟಿಗೆಯನ್ನು ಸೇರುತ್ತವೆ. ಆಮೇಲೆ ಹಿತ್ತಾಳೆ ತಾಮ್ರದ ಪಾತ್ರೆಗಳು. ಆಮೇಲೆ ಹಸು, ಎಮ್ಮೆ. ಆಮೇಲೆ ಉಳುವ ಎತ್ತು. ಆಮೇಲೆ ಮನೆಯ ತೊಲೆ, ಬಾಗಿಲು. ಕೊನೆಗೆ ಮನೆಯನ್ನೇ ಬಿಟ್ಟು ದಾರಿ ಹಿಡಿಯುವುದು. ಊರಿಗೆ ಊರೇ ಮಾರುವಾಗ ಕೊಳ್ಳುವವರು ಯಾರು? ದನದ ಬೆಲೆ ಇಳಿಯುತ್ತದೆ, ಧಾನ್ಯದ ಬೆಲೆ ಏರುತ್ತದೆ. ಹಿಂದೆ ವರ್ಷದ ಗ್ರಾಸಕ್ಕೆ ಸಾಕಾಗುತ್ತಿದ್ದ ಆಸ್ತಿ ಈಗ ಕೆಲವು ವಾರಗಳಿಗೆ ಸಾಲದು. ಅಮರ್ತ್ಯ ಸೇನರು ೧೯೮೧ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ವಿಷಯವನ್ನು ಶಾಸ್ತ್ರೀಯವಾಗಿ ನಿರೂಪಿಸಿದರು. ನಾಡಿನಲ್ಲಿ ಧಾನ್ಯ ಎಷ್ಟಿದೆ ಎನ್ನುವುದೊಂದರಿಂದಲೇ ಕ್ಷಾಮವು ನಿರ್ಣಯವಾಗದು. ಆ ಧಾನ್ಯವನ್ನು ಪಡೆಯುವ ಶಕ್ತಿ ಯಾರಿಗೆ ಉಳಿದಿದೆ, ಯಾರಿಗೆ ತಪ್ಪಿದೆ ಎಂಬುದನ್ನು ನೋಡಬೇಕೆಂದು ಅವರ ಸಿದ್ಧಾಂತ. ನಮ್ಮ ಆಯಗಾರನ ಮತ್ತು ನೇಕಾರನ ಕಥೆ ಇದಕ್ಕೆ ಸಾಕ್ಷಿ.

ಈಗ ಸರ್ಕಾರವು ಏನು ಮಾಡಿತೆಂಬುದನ್ನು ನೋಡೋಣ. ಮೂರು ವರ್ಷಗಳ ಹಿಂದೆ, ೧೮೭೩–೭೪ರಲ್ಲಿ, ಬಿಹಾರದಲ್ಲಿ ಕ್ಷಾಮ ಬಂದಾಗ ಸರ್ ರಿಚರ್ಡ್ ಟೆಂಪಲ್ಲರು ಬರ್ಮಾದಿಂದ ಲಕ್ಷಾಂತರ ಟನ್ನು ಅಕ್ಕಿಯನ್ನು ತರಿಸಿ ಧಾರಾಳವಾಗಿ ಹಂಚಿದ್ದರು. ಹಸಿವಿನಿಂದ ಸತ್ತವರು ಬಹು ಕಡಮೆ. ಆದರೆ ಇದಕ್ಕಾಗಿ ಅವರಿಗೆ ಸಂದದ್ದು ಕೀರ್ತಿಯಲ್ಲ, ದುಂದುಗಾರನೆಂಬ ಅಪವಾದ. ದಕ್ಷಿಣದಲ್ಲಿ ಬರ ಬಂದಾಗ ವೈಸರಾಯ್ ಲಾರ್ಡ್ ಲಿಟ್ಟನ್ನರು ಖರ್ಚನ್ನು ಬಿಗಿಹಿಡಿಯುವುದಕ್ಕಾಗಿ ಅದೇ ಟೆಂಪಲ್ಲರನ್ನು ೧೮೭೭ರ ಮೊದಲಲ್ಲಿ ಇತ್ತ ಕಳುಹಿಸಿದರು. ವಿಕ್ಟೋರಿಯಾ ರಾಣಿಯವರನ್ನು ಹಿಂದೂಸ್ಥಾನದ ಚಕ್ರವರ್ತಿನಿಯೆಂದು ಸಾರುವ ದೆಹಲಿಯ ಮಹಾದರ್ಬಾರು ನಡೆದದ್ದು ಆ ವರ್ಷದ ಜನವರಿ ಒಂದನೆಯ ತಾರೀಖು. ಅತ್ತ ದರ್ಬಾರು, ಇತ್ತ ಗಂಜಿಮನೆ: ಆ ಕಾಲದ ಚಿತ್ರ ಅದು.

ಹಿಂದಿನ ಅಪವಾದದ ಬಿಸಿ ಇನ್ನೂ ಆರದಿದ್ದ ಟೆಂಪಲ್ಲರು ಕಾಮಗಾರಿಯ ಕೂಲಿಯನ್ನು ಕಡಮೆ ಮಾಡಿದರು. ದೊಡ್ಡ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಅದರ ಮೇಲೆ ಒಂದಿಷ್ಟು ಬಿಡಿಕಾಸು. ಮಣ್ಣು ಅಗೆದು ಕಲ್ಲು ಹೊರುವ ಮೈಗೆ ಇದು ಸಾಲದೆಂದು ಮದ್ರಾಸು ಸರ್ಕಾರದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷರು ಬಲವಾಗಿ ವಾದಿಸಿದರು, ಅಂಕಿಗಳನ್ನೂ ಮುಂದಿಟ್ಟರು. ಬೊಂಬಾಯಿ ಅಧಿಪತ್ಯದಲ್ಲಿ ಜನರೇ ಗುಂಪುಗುಂಪಾಗಿ ಕಾಮಗಾರಿಗಳನ್ನು ಬಿಟ್ಟು ಹೊರಟರು. ಪುಣೆಯ ಸಾರ್ವಜನಿಕ ಸಭೆಯವರು ಅವರ ಪರವಾಗಿ ಬರೆದರು. ಕೆಲವು ತಿಂಗಳ ಮೇಲೆ ಮದ್ರಾಸಿನಲ್ಲಿ ಕೂಲಿಯನ್ನು ಮತ್ತೆ ಏರಿಸಿದರು. ಆದರೆ ಆ ಕೆಲವು ತಿಂಗಳುಗಳು ಕಳೆದೇಹೋಗಿದ್ದವು. ಬಲವುಳ್ಳ ದೇಹವು ಅರೆಹೊಟ್ಟೆಯಲ್ಲಿ ದುಡಿದು ಬಲಹೀನವಾದ ಮೇಲೆ ಅದನ್ನು ಮತ್ತೆ ನಿಲ್ಲಿಸುವುದು ಸುಲಭವಲ್ಲ.

ಕೂಲಿಯ ಮಾತು ಹಾಗಿರಲಿ. ಸಹಾಯ ಸಿಕ್ಕುವ ಸ್ಥಳವೂ ಒಂದು ಸಮಸ್ಯೆಯಾಯಿತು. ನಿಜವಾಗಿ ಕಷ್ಟದಲ್ಲಿರುವವನು ಎಷ್ಟು ದೂರವಾದರೂ ಬರುತ್ತಾನೆ, ಕಷ್ಟವಿಲ್ಲದವನು ಬರುವುದಿಲ್ಲ. ಆದಕಾರಣ ದೂರವೇ ಒಳ್ಳೆಯ ಒರೆಗಲ್ಲು ಎಂಬ ವಾದವು ಅಧಿಕಾರಿಗಳಲ್ಲಿ ಪ್ರಬಲವಾಗಿತ್ತು. ಕಾಗದದ ಮೇಲೆ ಈ ವಾದವು ಒಪ್ಪುವಂತಿದೆ. ಹಳ್ಳಿಯಲ್ಲಿ ನಿಂತು ನೋಡಿದರೆ ಬೇರೆಯಾಗಿ ಕಾಣುತ್ತದೆ. ಮುದುಕ ತಾಯಿತಂದೆಗಳನ್ನು ಬಿಟ್ಟು ಹೋಗಲಾರದ ಮಗ, ಕೈಗೂಸಿನ ತಾಯಿ, ಒಂದು ಎತ್ತನ್ನಾದರೂ ಉಳಿಸಿಕೊಳ್ಳಬೇಕೆಂದು ಎಲೆ ತರಿದು ಹಾಕುತ್ತಿರುವ ರೈತ—ಇವರು ದೂರದ ಕಾಮಗಾರಿಗೆ ಹೋಗುವುದು ಮನೆಯನ್ನು ತ್ಯಜಿಸಲು ನಿಶ್ಚಯಿಸಿದ ಮೇಲೆಯೇ. ಅಷ್ಟು ಹೊತ್ತಿಗೆ ಮೈಯಲ್ಲಿ ಬಲವಿರುವುದಿಲ್ಲ. ದಾರಿಯಲ್ಲಿ ಬಿದ್ದವರ ಲೆಕ್ಕ ಯಾವ ದಫ್ತರಕ್ಕೂ ಸೇರಲಿಲ್ಲ. ಸಾವಿರಾರು ಜನ ಒಂದೆಡೆ ಗುಡಿಸಲುಗಳಲ್ಲಿ ಕೂಡಿದ ಕಡೆ ವಾಂತಿಭೇದಿಯೂ ಸಿಡುಬೂ ಕಾದುಕೊಂಡಿದ್ದವು.

೧೮೭೭ರ ಆಗಸ್ಟು ಸೆಪ್ಟೆಂಬರುಗಳಲ್ಲಿ ಲಿಟ್ಟನ್ನರು ಸ್ವತಃ ಮದ್ರಾಸಿಗೂ ಬೆಂಗಳೂರಿಗೂ ಮೈಸೂರಿಗೂ ಬಂದು ನೋಡಿದರು. ಮೈಸೂರಿನ ಕ್ಷಾಮದ ಆಡಳಿತಕ್ಕೆ ಚಾರಲ್ಸ್ ಎಲಿಯಟ್ಟರು ಪ್ರತ್ಯೇಕ ಕಮಿಷನರಾಗಿ ನೇಮಕವಾದರು. ಊರೂರಿನ ಚಿಕ್ಕ ಕೆಲಸಗಳನ್ನು ಕಡಮೆ ಮಾಡಿ, ಎಂಜಿನಿಯರುಗಳ ಕೈಕೆಳಗೆ ದೊಡ್ಡ ಕಾಮಗಾರಿಗಳಲ್ಲಿ ಜನರನ್ನು ಸೇರಿಸಬೇಕೆಂಬುದು ಆಗಿನ ನೀತಿ. ಬೆಂಗಳೂರಿನಿಂದ ಮೈಸೂರಿನ ಕಡೆಗೆ ರೈಲು ದಾರಿಯ ಕೆಲಸ ತೊಡಗಿದ್ದು ಈ ಕಾಲದಲ್ಲಿ. ಆ ದಾರಿ ೧೮೮೨ರಲ್ಲಿ ಮೈಸೂರನ್ನು ಮುಟ್ಟಿತು.

ದೊಡ್ಡ ಕಾಮಗಾರಿಗಳನ್ನು ನಾವು ಹಳಿಯುವುದಿಲ್ಲ. ರೈಲಿಲ್ಲದ ನಾಡಿಗೆ ಹೊರಗಿನ ಧಾನ್ಯ ಬರುವುದು ಹೇಗೆ? ಬೆಂಗಳೂರಿನ ವರೆಗೆ ರೈಲಿನಲ್ಲಿ ಬಂದ ಧಾನ್ಯವು ಒಳನಾಡಿಗೆ ಹೋಗಬೇಕಾದರೆ ಗಾಡಿಯೇ ಗತಿ; ಗಾಡಿಗೆ ಹೂಡುವ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಆದರೂ ಒಂದು ಮಾತು ಉಳಿಯುತ್ತದೆ. ಇಷ್ಟು ಕೆರೆಗಳ ನಾಡಿನಲ್ಲಿ ಊರಮುಂದಿನ ಕೆರೆಯ ಹೂಳನ್ನು ಎತ್ತುವುದಕ್ಕಿಂತ ಸಹಜವಾದ ಕೆಲಸ ಬೇರೆ ಯಾವುದು? ಕೆರೆ ಒಣಗಿರುವಾಗಲೇ ಹೂಳು ಎತ್ತಲು ಅನುಕೂಲ. ಕೆಲಸಗಾರನು ಸಂಜೆಗೆ ತನ್ನ ಮನೆಗೇ ಹೋಗುತ್ತಾನೆ, ಮನೆ ಪಾಳುಬೀಳುವುದಿಲ್ಲ, ಕೆರೆಯ ಗೋಡು ಹೊಲಕ್ಕೆ ಗೊಬ್ಬರವಾಗುತ್ತದೆ, ಮಳೆ ಬಂದ ದಿನ ಅವನು ಹೊಲದ ಬಳಿಯಲ್ಲೇ ಇರುತ್ತಾನೆ. ಚಿಕ್ಕ ಕೆಲಸಗಳ ಮೇಲ್ವಿಚಾರಣೆ ಕಷ್ಟ, ಅಲ್ಲಿ ಮೋಸಕ್ಕೆ ಅವಕಾಶವುಂಟು ಎಂಬುದು ಅಧಿಕಾರಿಗಳ ಆಕ್ಷೇಪ. ಅದು ಸುಳ್ಳಲ್ಲ. ಆದರೆ ಮೋಸಕ್ಕೆ ಹೆದರಿ ದೂರಮಾಡಿದ ಸಹಾಯದಿಂದ ಆದ ನಷ್ಟವನ್ನು ತೂಗಿದವರು ಕಡಮೆ.

ದುಡಿಯಲಾರದವರ ವಿಷಯವನ್ನು ನೋಡೋಣ. ಅವರಿಗಾಗಿ ಗಂಜಿಮನೆಗಳನ್ನು ತೆರೆದರು. ಅವು ಎಷ್ಟೋ ಪ್ರಾಣಗಳನ್ನು ಉಳಿಸಿದವು. ಅದನ್ನು ಕೃತಜ್ಞತೆಯಿಂದಲೇ ಹೇಳಬೇಕು. ಆದರೆ ಎಲ್ಲರೂ ಅಲ್ಲಿಗೆ ಬರಲಿಲ್ಲ. ಜಾತಿಯ ಕಟ್ಟಿನಿಂದ ಬೇಯಿಸಿದ ಅನ್ನವನ್ನು ಮುಟ್ಟದವರಿದ್ದರು. ಹೊಸಿಲು ದಾಟಿ ಬೀದಿಯಲ್ಲಿ ಕೈಯೊಡ್ಡುವುದಕ್ಕಿಂತ ಬಾಗಿಲು ಹಾಕಿಕೊಂಡು ಸಾಯುವುದೇ ಮೇಲೆಂದು ತಿಳಿದ ಮಾನವಂತರಿದ್ದರು. ಇವರ ಹಟವನ್ನು ಮೌಢ್ಯವೆಂದು ಜರೆಯುವುದು ಸುಲಭ. ಮಾನವೂ ಮನುಷ್ಯನಿಗೆ ಉಳಿದಿರುವ ಒಂದು ಆಸ್ತಿಯೆಂಬುದನ್ನು ಬಲ್ಲವನು ಹಾಗೆ ಜರೆಯಲಾರನು. ಇಂತಹವರಿಗಾಗಿ ಮದ್ರಾಸು ಅಧಿಪತ್ಯದಲ್ಲಿ ಹಳ್ಳಿಯ ಅಧಿಕಾರಿಗಳ ಮೂಲಕ ಮನೆಯಲ್ಲಿಯೇ ದುಡ್ಡನ್ನು ಕೊಡುವ ಪದ್ಧತಿ ನಡೆದಿತ್ತು. ಅದರಲ್ಲಿ ಸೋರಿಕೆಯಿತ್ತೆಂಬ ದೂರೂ ಇತ್ತು. ಮುಂದೆ ಸರ್ ರಿಚರ್ಡ್ ಸ್ಟ್ರೇಚಿಯವರ ಅಧ್ಯಕ್ಷತೆಯಲ್ಲಿ ಕುಳಿತ ಕ್ಷಾಮ ಆಯೋಗವು ೧೮೮೦ರ ವರದಿಯಲ್ಲಿ ಅಶಕ್ತರಿಗೆ ಅವರವರ ಹಳ್ಳಿಯಲ್ಲಿಯೇ ಸಹಾಯ ಸಲ್ಲಬೇಕೆಂಬ ತತ್ತ್ವವನ್ನು ಒಪ್ಪಿತು. ಆ ಆಯೋಗದ ಕಾರ್ಯದರ್ಶಿ ಮೈಸೂರಿನ ಬರವನ್ನು ಕಣ್ಣಾರೆ ಕಂಡ ಎಲಿಯಟ್ಟರೇ.

ನೇಕಾರರ ವಿಷಯವು ಇನ್ನೂ ಸೂಕ್ಷ್ಮವಾದುದು. ಲಾಳಿ ಎಸೆಯುವ ಕೈಗೆ ಗುದ್ದಲಿಯನ್ನು ಕೊಟ್ಟರೆ ಎರಡು ನಷ್ಟಗಳಾಗುತ್ತವೆ. ಅಭ್ಯಾಸವಿಲ್ಲದ ಮೈ ಮಣ್ಣಿನ ಕೆಲಸದಲ್ಲಿ ಗೊತ್ತಾದ ಅಳತೆಯನ್ನು ಮುಟ್ಟಲಾರದೆ ಪೂರ್ತಿ ಕೂಲಿಯನ್ನು ಪಡೆಯದು. ಕಲ್ಲು ಒಡೆದು ಒರಟಾದ ಬೆರಳು ನವಿರಾದ ಎಳೆಯನ್ನು ಮತ್ತೆ ಹಿಡಿಯಲು ಬಹುಕಾಲ ಬೇಕಾಗುತ್ತದೆ. ಈ ನಡುವೆ ಮಗ್ಗವು ಸೌದೆಯಾಗಿಯೋ ಸಾಲಕ್ಕೆ ಒತ್ತೆಯಾಗಿಯೋ ಹೋಗಿರುತ್ತದೆ. ವಿಲಾಯತಿಯ ಗಿರಣಿ ಬಟ್ಟೆಯ ಪೈಪೋಟಿಯಿಂದ ಮೊದಲೇ ಸೊರಗಿದ್ದ ಕಸುಬಿಗೆ ಇದು ಎರಡನೆಯ ಪೆಟ್ಟು. ಇದನ್ನು ಅರಿತು ಮದ್ರಾಸು ಅಧಿಪತ್ಯದಲ್ಲಿ ನೇಕಾರರಿಗೆ ಅವರ ಕಸುಬಿನಲ್ಲಿಯೇ ಸಹಾಯಮಾಡುವ ಪ್ರಯತ್ನ ನಡೆಯಿತು. ನೂಲನ್ನು ಮುಂಗಡವಾಗಿ ಕೊಡುವುದು, ನೆಯ್ದ ಬಟ್ಟೆಯನ್ನು ಸರ್ಕಾರವೇ ಕೊಳ್ಳುವುದು, ನೇಯ್ಗೆಯ ಕೂಲಿಯಿಂದ ಸಂಸಾರ ಸಾಗುವುದು. ಬಟ್ಟೆಯ ದಾಸ್ತಾನು ಬೆಳೆಯುತ್ತದೆ, ಮಾರುವುದು ಹೇಗೆಂಬ ಚಿಂತೆ ಅಧಿಕಾರಿಗಳಿಗೆ ಇದ್ದೇ ಇತ್ತು. ಆದರೆ ಬರ ಮುಗಿದ ಮೇಲೆ ಚಿಂದಿಯುಟ್ಟ ಜನರಿಗೆ ಮೊದಲು ಬೇಕಾಗುವುದು ಬಟ್ಟೆಯೇ ಅಲ್ಲವೆ? ಆ ದಿನ ಮಗ್ಗವೂ ನೇಕಾರನೂ ಅವನ ಕೈಯ ಹದವೂ ಉಳಿದಿರುತ್ತಿದ್ದವು.

ಇದೇ ತತ್ತ್ವವನ್ನು ಇನ್ನೊಂದು ದಿಕ್ಕಿನಿಂದ ಎತ್ತಿಹಿಡಿದದ್ದು ಧರ್ಮನಿಧಿ. ೧೮೭೭ರ ಆಗಸ್ಟಿನಲ್ಲಿ ಮದ್ರಾಸಿನ ಗವರ್ನರ್ ಬಕಿಂಗ್‌ಹ್ಯಾಂ ಡ್ಯೂಕರು ಲಂಡನ್ನಿನ ಲಾರ್ಡ್ ಮೇಯರಿಗೆ ತಂತಿ ಕೊಟ್ಟು ನೆರವನ್ನು ಬೇಡಿದರು. ಲಂಡನ್ನಿನ ಮ್ಯಾನ್ಷನ್ ಹೌಸಿನಲ್ಲಿ ನಿಧಿಯೊಂದು ತೆರೆಯಿತು. ಲ್ಯಾಂಕಷೈರಿನ ಗಿರಣಿ ಊರುಗಳೂ ದುಡ್ಡು ಕೂಡಿಸಿದವು. ಐದು ಲಕ್ಷ ಪೌಂಡುಗಳಿಗೂ ಮೀರಿದ ಹಣ ಸೇರಿತು. ಮದ್ರಾಸಿನಲ್ಲಿ ನಿಧಿಯ ಕಾರ್ಯದರ್ಶಿಯಾಗಿದ್ದವರು ಪತ್ರಿಕಾಕರ್ತ ವಿಲಿಯಂ ಡಿಗ್ಬಿಯವರು. ಆ ಬರದ ವಿಸ್ತಾರವಾದ ಚರಿತ್ರೆಯನ್ನು ೧೮೭೮ರಲ್ಲಿ ಎರಡು ಸಂಪುಟಗಳಲ್ಲಿ ಬರೆದವರೂ ಅವರೇ. ಹಣವು ಕೈಸೇರುವ ಹೊತ್ತಿಗೆ ಮಳೆ ಬಂದಿತ್ತು. ಈಗ ಗಂಜಿಗಿಂತಲೂ ಹೆಚ್ಚಾಗಿ ಬೇಕಾದದ್ದು ಬೇರೆ. ಹೊಲ ಹಸಿಯಾಗಿದೆ, ಬಿತ್ತನೆಯ ಬೀಜವಿಲ್ಲ. ಬೀಜ ಸಿಕ್ಕಿತು, ಎತ್ತಿಲ್ಲ. ಮನೆಗೆ ಮರಳಿದರು, ಮಾಡಿಲ್ಲ. ನಿಧಿಯವರು ಬೀಜಕ್ಕೆ, ಎತ್ತಿಗೆ, ಮನೆಯ ಹೊದಿಕೆಗೆ, ಬಟ್ಟೆಗೆ ಎಂದು ಹಣವನ್ನು ಹಂಚಿದರು. ಅನಾಥರಾದ ಮಕ್ಕಳ ಪೋಷಣೆಗೂ ಒಂದು ಭಾಗ ಹೋಯಿತು. ಸರ್ಕಾರದ ಕೋಟಿಗಟ್ಟಲೆ ವೆಚ್ಚದ ಮುಂದೆ ಈ ಹಣ ಚಿಕ್ಕದು. ಆದರೆ ಇದು ಹೋದ ದಾರಿ ಸರಿಯಾದದ್ದೆಂದು ನಮಗೆ ತೋರುತ್ತದೆ. ಗಂಜಿಯು ಇಂದಿನ ದಿನವನ್ನು ದಾಟಿಸುತ್ತದೆ. ಬೀಜವೂ ಎತ್ತೂ ಮುಂದಿನ ವರ್ಷವನ್ನು ದಾಟಿಸುತ್ತವೆ.

ಹೀಗಿದ್ದರೂ ಮಳೆ ಬಂದೊಡನೆ ಸಾವು ನಿಲ್ಲಲಿಲ್ಲ. ಎಲುಬುಗೂಡಾದ ಮೈಗೆ ಮಳೆಗಾಲದ ಚಳಿಜ್ವರ ಅಡರಿತು. ಬರದ ಸಾವುಗಳಲ್ಲಿ ಒಂದು ದೊಡ್ಡ ಪಾಲು ಹೀಗೆ ಮಳೆ ಬಂದ ಮೇಲಿನ ಸಾವು. ಮಳೆ ಬಂತೆಂದು ಸಹಾಯವನ್ನು ನಿಲ್ಲಿಸಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಬರವು ಮುಗಿದಾಗ ಸಂಸ್ಥಾನದ ಉಳಿತಾಯವು ಕರಗಿ, ಅದರ ತಲೆಯ ಮೇಲೆ ಹಿಂದೂಸ್ಥಾನ ಸರ್ಕಾರಕ್ಕೆ ಸುಮಾರು ೮೦ ಲಕ್ಷ ರೂಪಾಯಿಗಳ ಸಾಲ ನಿಂತಿತು. ೧೮೮೧ರ ಮಾರ್ಚಿ ೨೫ರಂದು ಚಾಮರಾಜೇಂದ್ರ ಒಡೆಯರವರಿಗೆ ರಾಜ್ಯವನ್ನು ಹಿಂದಕ್ಕೆ ಕೊಟ್ಟಾಗ ಅವರ ಕೈಗೆ ಬಂದದ್ದು ಹೀಗೆ ಜನವೂ ಹಣವೂ ಸೂರೆಹೋಗಿದ್ದ ರಾಜ್ಯ. ದಿವಾನ್ ರಂಗಾಚಾರ್ಲು ಅವರು ಖರ್ಚನ್ನು ಇಳಿಸಿದರು. ಅದೇ ವರ್ಷದ ದಸರೆಯಲ್ಲಿ ರೈತರನ್ನೂ ವರ್ತಕರನ್ನೂ ಕರೆದು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಕ್ಷಾಮದ ಇತಿಹಾಸದಲ್ಲಿ ಈ ಸಭೆಗೂ ಒಂದು ಸ್ಥಾನವುಂಟು. ತಾಲ್ಲೂಕಿನಲ್ಲಿ ಮಳೆ ಹೋಗಿದೆ, ಕೆರೆ ಒಡೆದಿದೆ, ಕಂದಾಯ ಕೊಡಲಾಗದು ಎಂಬ ಮಾತನ್ನು ದಿವಾನರ ಎದುರಿನಲ್ಲಿಯೇ ಹೇಳುವುದಕ್ಕೆ ಅಲ್ಲಿ ಅವಕಾಶ ದೊರೆಯಿತು. ಸಂಕಟದ ಸುದ್ದಿ ಅಧಿಕಾರದ ಕಿವಿಗೆ ಬೇಗ ಮುಟ್ಟುವುದೇ ಕ್ಷಾಮನಿವಾರಣೆಯ ಮೊದಲ ಮೆಟ್ಟಲು.

ರಂಗಾಚಾರ್ಲು ಅವರ ಅನಂತರ ೧೮೮೩ರಿಂದ ದಿವಾನರಾಗಿದ್ದ ಶೇಷಾದ್ರಿ ಅಯ್ಯರವರು ರೈಲನ್ನೂ ನೀರಾವರಿಯನ್ನೂ ಕ್ಷಾಮದ ಎದುರಿನ ಎರಡು ಕೋಟೆಗಳೆಂದು ಭಾವಿಸಿ ಬೆಳೆಸಿದರು. ಚಿತ್ರದುರ್ಗದ ಬಯಲಿನಲ್ಲಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಕಟ್ಟೆಯ ಕೆಲಸ ೧೮೯೮ರಲ್ಲಿ ತೊಡಗಿ ೧೯೦೭ರಲ್ಲಿ ಮುಗಿಯಿತು. ೧೯೦೫ರಲ್ಲಿ ಸಹಕಾರ ಸಂಘಗಳ ಕಾನೂನು ಬಂತು. ಎತ್ತು ಮಾರದೆ ಬೀಜಕ್ಕೆ ಸಾಲ ದೊರೆಯುವ ದಾರಿ ಅಲ್ಪಸ್ವಲ್ಪವಾದರೂ ತೆರೆಯಿತು.

ಹಿಂದೂಸ್ಥಾನದ ಉಳಿದ ಭಾಗಗಳಲ್ಲಿ ೧೮೮೦ರ ವರದಿಯ ಆಧಾರದ ಮೇಲೆ ಕ್ಷಾಮಸಂಹಿತೆಗಳು ರಚಿತವಾದವು. ಬರದ ಲಕ್ಷಣ ಕಂಡೊಡನೆ ಪರೀಕ್ಷೆಗಾಗಿ ಕಾಮಗಾರಿಯನ್ನು ತೆರೆಯಬೇಕು. ಶಕ್ತರಿಗೆ ಕೆಲಸ, ಅಶಕ್ತರಿಗೆ ಉಚಿತ ಸಹಾಯ, ರೈತನಿಗೆ ಕಂದಾಯದ ವಾಯಿದೆ ಮತ್ತು ತಗಾವಿ ಸಾಲ ಸಲ್ಲಬೇಕು: ಇದು ಅದರ ಸಾರ. ಮತ್ತೆರಡು ಘೋರ ಬರಗಳು ಕಳೆದ ಮೇಲೆ ೧೯೦೧ರಲ್ಲಿ ಮ್ಯಾಕ್‌ಡೊನೆಲ್ ಆಯೋಗವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಜನರು ಧೈರ್ಯಗೆಡುವ ಮೊದಲೇ ಸಾಲವನ್ನೂ ಕಂದಾಯದ ವಾಯಿದೆಯನ್ನೂ ಸಾರಬೇಕೆಂದು ಹೇಳಿತು. ಬಾವಿಗೆ ಬಿದ್ದವನನ್ನು ಎತ್ತುವುದಕ್ಕಿಂತ ಬಾವಿಯ ಅಂಚಿನಲ್ಲಿ ಕೈಹಿಡಿಯುವುದು ಮೇಲೆಂಬ ಅರಿವು ಇದು. ಆದರೆ ಸಂಹಿತೆ ಇದ್ದರೆ ಸಾಲದು, ಅದನ್ನು ನಡೆಸುವ ಮನಸ್ಸೂ ಬೇಕು. ೧೯೪೩ರಲ್ಲಿ ಬಂಗಾಳದಲ್ಲಿ ಕ್ಷಾಮವನ್ನು ಕ್ಷಾಮವೆಂದು ಸಾರಲೇ ಇಲ್ಲ. ಲಕ್ಷಾಂತರ ಜನ ಸತ್ತರು. ಅಲ್ಲಿಯೂ ಮೊದಲು ಬಿದ್ದವರು ಹೊಲವಿಲ್ಲದ ಕೂಲಿಗಳು, ಬೆಸ್ತರು, ಕುಶಲಕರ್ಮಿಗಳು.

ಸ್ವತಂತ್ರ ಭಾರತದಲ್ಲಿ ೧೯೭೨–೭೩ರಲ್ಲಿ ಮಹಾರಾಷ್ಟ್ರದಲ್ಲಿ ತೀವ್ರವಾದ ಬರ ಬಂದಾಗ ಲಕ್ಷಾಂತರ ಜನರಿಗೆ ಅವರ ಊರುಗಳ ಸಮೀಪದಲ್ಲಿಯೇ ಕೆಲಸ ದೊರೆಯಿತು. ಈಶ್ವರ ಸಂವತ್ಸರದಂತಹ ಸಾವು ಸಂಭವಿಸಲಿಲ್ಲ. ಕೆಲಸವನ್ನು ಬೇಡುವುದು ಭಿಕ್ಷೆಯಲ್ಲ, ಹಕ್ಕು ಎಂಬ ಭಾವನೆಯು ಅಲ್ಲಿ ಮೊದಲು ಕಾನೂನಾಯಿತು. ೨೦೦೫ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಉದ್ಯೋಗ ಖಾತರಿಯ ಕಾಯಿದೆಯೂ ಬಂತು. ಆದರೂ ೨೦೨೦ರ ಮಹಾಮಾರಿಯಲ್ಲಿ ನಗರಗಳ ಕೂಲಿಗಾರರು ಕೆಲಸ ನಿಂತ ಕೆಲವೇ ದಿನಗಳಲ್ಲಿ ಗಂಟುಮೂಟೆ ಹೊತ್ತು ನೂರಾರು ಮೈಲಿ ನಡೆದದ್ದನ್ನು ನಾವೆಲ್ಲರೂ ಕಂಡಿದ್ದೇವೆ. ಉಗ್ರಾಣಗಳಲ್ಲಿ ಧಾನ್ಯವಿತ್ತು. ಅವರ ಕೈಯಲ್ಲಿ ಕೂಲಿಯಿರಲಿಲ್ಲ. ಧಾತು ಸಂವತ್ಸರದ ಆಯಗಾರನನ್ನು ಬಲ್ಲವರಿಗೆ ಆ ದೃಶ್ಯ ಅಪರಿಚಿತವಾಗಿ ತೋರಲಾರದು.

ಇಷ್ಟನ್ನೂ ನೋಡಿದ ಮೇಲೆ ಕೆಲವು ಮಾತುಗಳು ನಿಲ್ಲುತ್ತವೆ. ಸಹಾಯವು ಎತ್ತು ಮಾರುವ ಮೊದಲೇ ಬರಬೇಕು. ಅದು ಮನೆಯ ಸಮೀಪದಲ್ಲಿ ದೊರೆಯಬೇಕು. ಮಾನವನ್ನು ಕಳೆಯದೆ ದೊರೆಯಬೇಕು. ನೇಕಾರನಿಗೆ ನೂಲಾಗಿ, ರೈತನಿಗೆ ಬೀಜವಾಗಿ, ಕೂಲಿಗೆ ಹೊಟ್ಟೆ ತುಂಬುವ ಕೂಲಿಯಾಗಿ, ಅಶಕ್ತನಿಗೆ ಅನ್ನವಾಗಿ ಬರಬೇಕು. ಮಳೆ ಬಂದ ಮೇಲೆಯೂ ಒಂದು ಸುಗ್ಗಿಯ ವರೆಗೆ ನಿಲ್ಲಬೇಕು.

ಹನ್ನೆರಡನೆಯ ಶತಮಾನದ ಶರಣರು ನಮ್ಮ ನಾಡಿಗೆ ಎರಡು ಶಬ್ದಗಳನ್ನು ಜೋಡಿಯಾಗಿ ಕೊಟ್ಟರು: ಕಾಯಕ ಮತ್ತು ದಾಸೋಹ. ದುಡಿಮೆಯೊಂದು, ಹಂಚಿ ಉಣ್ಣುವುದೊಂದು. ಧಾತು–ಈಶ್ವರ ಸಂವತ್ಸರಗಳ ಸಹಾಯದಲ್ಲಿ ಅನ್ನವನ್ನು ಹಂಚುವ ಕೆಲಸ ತಡವಾಗಿಯಾದರೂ ನಡೆಯಿತು. ಕಾಯಕವನ್ನು ಕಾಯುವ ಕೆಲಸ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ನಡೆಯಿತು. ಅನ್ನದಿಂದ ಉಳಿದವನು ಕಾಯಕವಿಲ್ಲದೆ ಮತ್ತೆ ಅನ್ನಕ್ಕೇ ಕೈಯೊಡ್ಡಬೇಕಾಗುತ್ತದೆ. ಎರಡನ್ನೂ ಒಟ್ಟಿಗೆ ಉಳಿಸಿದ ಸಹಾಯವೇ ಸಹಾಯ. ಹತ್ತು ಲಕ್ಷ ಜನರನ್ನು ತೆತ್ತು ಈ ನಾಡು ಕಲಿತ ಪಾಠವಿದು. ಮುಂದಿನ ಆಪತ್ಕಾಲಕ್ಕೆ ಮುಂಚೆ ಇದನ್ನು ನೆನಪಿಗೆ ತಂದುಕೊಳ್ಳುವುದು ನಮ್ಮ ಮೇಲಿರುವ ಋಣ.